ಬೀಡಿಗೆ ಷರತ್ತು, ಇ-ಸಿಗರೇಟಿಗೆ ನಿಷೇಧ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಾಗಲಿ, ಹರಿಹರದ ಪೇಟೆಯಲ್ಲಾಗಲಿ ಬೀಡಿ, ಸಿಗರೇಟು ಮಾರುವುದು ಷರತ್ತುಗಳಿಗೆ ಒಳಪಟ್ಟ ವ್ಯಾಪಾರ. ಇ-ಸಿಗರೇಟು ಮಾರುವುದು ಮಾತ್ರ ಜೈಲಿಗೂ ಹೋಗಬೇಕಾಗಬಹುದಾದ ಅಪರಾಧ. ಎರಡರಲ್ಲೂ ಇರುವುದು ನಿಕೋಟಿನ್ನೇ. ಆದರೆ ಕರ್ನಾಟಕಕ್ಕೆ ತಂಬಾಕು ಬಂದು ನಾನೂರು ವರ್ಷವಾಗಿದೆ, ಇ-ಸಿಗರೇಟು ಬಂದದ್ದು ನಿನ್ನೆ ಮೊನ್ನೆ. ಕಾನೂನಿನ ತಾರತಮ್ಯಕ್ಕೆ ಈ ವಯಸ್ಸಿನ ಅಂತರವೇ ಮುಖ್ಯ ಕಾರಣ.

ತಂಬಾಕು ಸಹ ಒಂದು ಕಾಲಕ್ಕೆ ಹೊಸ ವಸ್ತುವೇ ಆಗಿತ್ತು. ಪೋರ್ಚುಗೀಸರ ಮೂಲಕ ದಖ್ಖನ್ನಿಗೆ ಬಂದ ಅದನ್ನು ಅಕ್ಬರನ ಅಧಿಕಾರಿ ಅಸದ್ ಬೇಗ್ ಕಂಡದ್ದು ಬಿಜಾಪುರದಲ್ಲಿ. 1604-05ರ ಸುಮಾರಿಗೆ ಅವನು ಅಲ್ಲಿಂದ ಒಂದಷ್ಟು ತಂಬಾಕನ್ನೂ ರತ್ನ ಕೂರಿಸಿದ ಉದ್ದನೆಯ ಕೊಳವೆಯನ್ನೂ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಕೊಳವೆಯ ಬಾಯಿಗೆ ಯೆಮನ್ ದೇಶದ ಕೆಂಪು ಕಲ್ಲು ಜೋಡಿಸಿತ್ತು. ಅಕ್ಬರ್ ಒಂದೆರಡು ದಮ್ಮು ಎಳೆದ. ಪರೀಕ್ಷೆಯಾಗದ ವಸ್ತು ಬೇಡವೆಂದು ಹಕೀಮರು ತಡೆದರು. 1617ರಲ್ಲಿ ಜಹಾಂಗೀರ್ ಧೂಮಪಾನವನ್ನೇ ನಿಷೇಧಿಸಿದ. ಅದರಿಂದ ಏನೂ ಆಗಲಿಲ್ಲ. ಶ್ರೀಮಂತರ ಕೈಯಲ್ಲಿದ್ದ ಹುಕ್ಕಾ ಮುಂದೆ ಚಿಲುಮೆಯಾಗಿ, ಬೀಡಿಯಾಗಿ ಕೂಲಿಕಾರರ ಕೈಗೂ ಬಂತು.

ಅಷ್ಟರಲ್ಲಿ ತಂಬಾಕು ಹೊಲಕ್ಕೂ ಇಳಿದಿತ್ತು. ನಿಪ್ಪಾಣಿ ಸೀಮೆಯಲ್ಲಿ ಬೀಡಿ ತಂಬಾಕು, ಹುಣಸೂರು-ಪಿರಿಯಾಪಟ್ಟಣಗಳಲ್ಲಿ ಸಿಗರೇಟಿನ ತಂಬಾಕು ಬೆಳೆಯಿತು. ದಾವಣಗೆರೆ, ಹರಿಹರಗಳಲ್ಲಿ ಬೀಡಿ ಕಟ್ಟುವುದು ಹೆಂಗಸರು ಮನೆಯಲ್ಲೇ ಕೂತು ಮಾಡುವ ಕೆಲಸವಾಯಿತು. ನೆನೆಸಿದ ಎಲೆಯನ್ನು ಅಳತೆಯ ತಗಡಿಟ್ಟು ಕತ್ತರಿಸಬೇಕು, ಚಿಟಿಕೆ ಪುಡಿ ಹಾಕಿ ಸುತ್ತಬೇಕು, ತುದಿ ಮಡಚಿ ದಾರ ಬಿಗಿಯಬೇಕು. ಕೂಲಿ ಸಾವಿರದ ಲೆಕ್ಕದಲ್ಲಿ. ಈ ಕಾರ್ಮಿಕರ ರಕ್ಷಣೆಗೆ 1966ರಲ್ಲಿ ಒಂದು ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು. ಸರ್ಕಾರ ಒಂದು ಕೈಯಲ್ಲಿ ಬೀಡಿ ಬೇಡವೆನ್ನುತ್ತ, ಇನ್ನೊಂದು ಕೈಯಲ್ಲಿ ಬೀಡಿ ಕಟ್ಟುವವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಸ್ಥಿತಿ ಹುಟ್ಟಿದ್ದು ಹೀಗೆ.

ಧೂಮಪಾನಕ್ಕೆ ಊರಿನ ಕಟ್ಟಳೆ ಕಾನೂನಿಗಿಂತ ಹಳೆಯದು. ಹಿರಿಯರು ಎದುರಾದರೆ ಬೀಡಿ ಬೆನ್ನ ಹಿಂದೆ ಹೋಗುತ್ತಿತ್ತು. ಗಂಡಸು ಸೇದಿದರೆ ಚಟ, ಹೆಂಗಸು ಸೇದಿದರೆ ಗುಲ್ಲು. ಅಲ್ಲಿ ಪ್ರಶ್ನೆ ಆರೋಗ್ಯದ್ದಲ್ಲ, ಮರ್ಯಾದೆಯದು. ಪಕ್ಕದವನ ಶ್ವಾಸಕೋಶದ ಮಾತು ಬಂದದ್ದು ತಡವಾಗಿ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ) ಬಂತು. ಸಾರ್ವಜನಿಕ ಸ್ಥಳದ ನಿಯಮಗಳು ಜಾರಿಯಾದದ್ದು 2008ರ ಅಕ್ಟೋಬರ್ 2ರಂದು, 200 ರೂಪಾಯಿವರೆಗಿನ ದಂಡದೊಂದಿಗೆ. ಶಾಲೆ-ಕಾಲೇಜಿನಿಂದ 100 ಗಜದೊಳಗೆ ಮಾರಬಾರದೆಂಬ ಕಲಮೂ ಕೋಟ್ಪಾದಲ್ಲಿತ್ತು. 1951ರ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ವೈದ್ಯಕೀಯ ಕಾಲೇಜು, ಆಮೇಲಿನ ಹತ್ತಾರು ಸಂಸ್ಥೆಗಳಿರುವ ದಾವಣಗೆರೆಯಲ್ಲಿ ಆ ಗಜಗಳನ್ನು ನಿಜವಾಗಿ ಅಳೆಯುತ್ತ ಹೋದರೆ ಎಷ್ಟೋ ಗೂಡಂಗಡಿಗಳು ಗೆರೆಯೊಳಗೇ ಬಿದ್ದಾವು.

ಪ್ರತಿ ಹೆಜ್ಜೆಗೂ ತಂಬಾಕಿನ ಪರ ನಿಂತ ಎದುರಾಳಿಗಳಿದ್ದರು. ಪೊಟ್ಟಣದ ಶೇ 85ರಷ್ಟು ಭಾಗದಲ್ಲಿ ಚಿತ್ರದ ಎಚ್ಚರಿಕೆ ಇರಬೇಕೆಂಬ ನಿಯಮವನ್ನು 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಇ-ಸಿಗರೇಟಿಗೆ ಇಂಥ ಬೆಂಬಲಿಗರು ಇರಲಿಲ್ಲ. 2003ರಲ್ಲಿ ಚೀನಾದ ಹೊನ್ ಲಿಕ್ ರೂಪಿಸಿದ ಈ ಸಾಧನದಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ಬ್ಯಾಟರಿಯಿಂದ ಕಾದ ಸುರುಳಿ ನಿಕೋಟಿನ್ ದ್ರವವನ್ನು ಆವಿ ಮಾಡುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅದರ ಹೆಸರು ಕೇಳಿದ್ದ ವಯಸ್ಕರು ಶೇ 3ರಷ್ಟು ಮಾತ್ರ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೆಳೆಗಾರರಿಲ್ಲದ, ಕಾರ್ಮಿಕರಿಲ್ಲದ, ಹೇಳಿಕೊಳ್ಳುವಷ್ಟು ತೆರಿಗೆಯೂ ಬಾರದ ವಸ್ತುವನ್ನು ತಡೆಯುವುದು ಸುಲಭವಾಗಿತ್ತು. ಕರ್ನಾಟಕ 2016ರ ಜೂನ್‌ನಲ್ಲೇ ಮಾರಾಟ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬ್ರಿಟನ್ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಸಿಗರೇಟು ಬಿಡಲಾಗದವರು ಇ-ಸಿಗರೇಟಿಗೆ ಬದಲಾಗಲಿ ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಪ್ರೋತ್ಸಾಹಿಸಿತು. ಎಳೆಯರ ಕೈಗೆ ಹೋಗುತ್ತಿದೆಯೆಂಬ ಆತಂಕ ಅಲ್ಲಿಯೂ ಬೆಳೆದು, ಬಳಸಿ ಎಸೆಯುವ ಮಾದರಿಗಳ ಮಾರಾಟ 2025ರ ಜೂನ್‌ನಲ್ಲಿ ನಿಂತಿತು.

ಭಾರತದ ಕಾಯ್ದೆಯಲ್ಲೊಂದು ವಿಚಿತ್ರವಿದೆ. ಮಾರುವವನಿಗೆ, ದಾಸ್ತಾನು ಇಡುವವನಿಗೆ ಶಿಕ್ಷೆಯುಂಟು, ಸೇದುವವನಿಗೆ ಇಲ್ಲ. ಕೋಟ್ಪಾ ಹೇಳುವ ಧೂಮಪಾನವೆಂದರೆ ತಂಬಾಕು ಸೇದುವುದು, ಹಾಗಾಗಿ ಆವಿ ಅದಕ್ಕೂ ಸುಲಭವಾಗಿ ಸಿಗದು. ವಾಸನೆಯಿಂದ ಸಿಕ್ಕಿಬೀಳುವ ಬೀಡಿಯ ಪಾಡೂ ಇದಕ್ಕಿಲ್ಲ. ಪೆನ್ ಡ್ರೈವಿನಂಥದ್ದನ್ನು ಮಗನ ಚೀಲದಲ್ಲಿ ಕಂಡ ತಾಯಿ ಗುರುತಿಸುವುದು ಕಷ್ಟ.

ಹಳೆಯ ಹೊಗೆಯ ಮೇಲೆ ರಾಜ್ಯ ಮತ್ತೆ ಬಿಗಿ ಹಿಡಿದದ್ದು 2024ರಲ್ಲಿ. ಫೆಬ್ರುವರಿಯಲ್ಲಿ ಹುಕ್ಕಾ ನಿಷೇಧದ ಆದೇಶ ಬಂತು, ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ಕೊನೆಗೆ ಪ್ರಕಟವಾದ ರಾಜ್ಯ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಸಾರ್ವಜನಿಕ ಸ್ಥಳದ ದಂಡವನ್ನು ಸಾವಿರ ರೂಪಾಯಿಗೆ ಮುಟ್ಟಿಸಿತು, ಬಿಡಿ ಸಿಗರೇಟು ಮಾರುವುದನ್ನೂ ತಡೆಯಿತು. 2019ರ ಕಾಯ್ದೆಯಲ್ಲಿ ವಯಸ್ಸಿನ ಮಾತೇ ಇಲ್ಲ. ಇ-ಸಿಗರೇಟನ್ನು ಯಾವ ವಯಸ್ಸಿನವರಿಗೂ ಮಾರುವಂತಿಲ್ಲ.