ತೆರಿಗೆಯವರ ಲೆಕ್ಕದಲ್ಲಿ ಮನೆ ಎಲ್ಲಿದೆ?



ಈ ಸಲ ಯಾವ ವಿಷಯ ಎತ್ತಿಕೊಳ್ಳಲಿ ಎಂದು ಕೇಳಿದ್ದಕ್ಕೆ ನಮ್ಮವರು, "ಪರ್ ಡೀಮ್ ಬಗ್ಗೆ ಬರಿ, ಅಟ್ಲಾಂಟಾದಿಂದ ವಾಷಿಂಗ್ಟನ್ ತನಕ ನಮ್ಮವರಿಗೆಲ್ಲ ಅದೇ ತಲೆನೋವು" ಎಂದರು. ಕನ್ನಡ ಎಂ.ಎ. ಮಾಡಿದವಳಿಗೆ ತೆರಿಗೆಯ ಗೊಡವೆ ಯಾಕೆ ಎಂದು ನಗಬೇಡಿ. ಓದುತ್ತಾ ಹೋದಂತೆ ಗೊತ್ತಾಯಿತು, ಇದು ನೂರು ವರ್ಷಗಳಿಂದ ಒಂದೇ ಪದದ ಅರ್ಥಕ್ಕಾಗಿ ನಡೆದಿರುವ ಜಗಳ. ಆ ಪದ 'ಮನೆ'.

ನನ್ನ ತಂದೆ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ತಿಂಗಳ ಕೊನೆಗೆ ಟಿಎ ಬಿಲ್ ಬರೆಯಲು ಕೂತರೆ ನಾವು ಮಕ್ಕಳು ಉಸಿರೆತ್ತುವಂತಿರಲಿಲ್ಲ. ಅದರಲ್ಲಿ 'ಕೇಂದ್ರಸ್ಥಾನ' ಎಂಬ ಮಾತು ಬರುತ್ತಿತ್ತು. ಅಪ್ಪನ ಕೇಂದ್ರಸ್ಥಾನ ಶಿವಮೊಗ್ಗ. ಅಜ್ಜಿ, ತೋಟ, ನಾವು ಎಲ್ಲರೂ ತೀರ್ಥಹಳ್ಳಿಯಲ್ಲಿ. ಕೆಲಸಕ್ಕೆಂದು ಸಾಗರಕ್ಕೆ ಹೋದರೆ ಭತ್ಯೆ ಉಂಟು, ಶನಿವಾರ ನಮ್ಮನ್ನು ನೋಡಲು ಬಂದರೆ ಇಲ್ಲ. "ಸರ್ಕಾರಕ್ಕೆ ನನ್ನ ಮನೆ ಶಿವಮೊಗ್ಗದ ಆ ಬಾಡಿಗೆ ರೂಮು ಕಣೇ" ಎಂದು ಅಪ್ಪ ನಗುತ್ತಿದ್ದರು. ಅಮೆರಿಕದ ತೆರಿಗೆ ಇಲಾಖೆಯವರು 'ಟ್ಯಾಕ್ಸ್ ಹೋಮ್' ಎನ್ನುವುದು ಈ ಕೇಂದ್ರಸ್ಥಾನವನ್ನೇ. ಸಾಮಾನ್ಯವಾಗಿ ಅದು ನೀವು ದುಡಿಯುವ ಊರು. ಹೆಂಡತಿ ಮಕ್ಕಳು ಎಲ್ಲಿದ್ದಾರೆ ಎಂಬುದು ಆಮೇಲಿನ ಮಾತು.

ಇಲ್ಲಿ 1921ರ ಕಾಯಿದೆಯಲ್ಲಿ ಮೊದಲ ಬಾರಿಗೆ, ವೃತ್ತಿಗಾಗಿ 'ಮನೆಯಿಂದ ದೂರ' ಇರುವಾಗಿನ ಪ್ರಯಾಣ, ಊಟ, ವಸತಿಯ ಪೂರ್ತಿ ಖರ್ಚನ್ನು ಆದಾಯದಿಂದ ಕಳೆಯಬಹುದು ಎಂದಾಯಿತು. ಅದಕ್ಕೆ ಮುಂಚೆ ಮನೆಯಲ್ಲೇ ಇದ್ದಿದ್ದರೆ ಆಗುತ್ತಿದ್ದ ಊಟದ ಖರ್ಚಿಗಿಂತ ಹೆಚ್ಚಾದದ್ದನ್ನು ಮಾತ್ರ ಬಿಡುತ್ತಿದ್ದರು. ಆದರೆ ಮನೆ ಎಂದರೇನು ಎಂದು ಕಾಯಿದೆ ಹೇಳಲಿಲ್ಲ.

ಫ್ಲವರ್ಸ್ ಎಂಬ ವಕೀಲರು ಮಿಸಿಸಿಪಿಯ ಜಾಕ್ಸನ್‌ನಲ್ಲಿ ಸಂಸಾರ ಹೂಡಿದ್ದವರು. ಅವರು ಕೆಲಸ ಮಾಡುತ್ತಿದ್ದ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಅಲಬಾಮಾದ ಮೊಬೀಲ್‌ನಲ್ಲಿ. 1939ರಲ್ಲಿ 33 ಸಲ, ಮರುವರ್ಷ 40 ಸಲ ಹೋಗಿ ಬಂದು, ಆ ಖರ್ಚನ್ನು ತೆರಿಗೆಯಲ್ಲಿ ಕಳೆದರು. ಸುಪ್ರೀಂ ಕೋರ್ಟು 1946ರಲ್ಲಿ ಒಪ್ಪಲಿಲ್ಲ. ಜಾಕ್ಸನ್‌ನಲ್ಲಿರುವುದು ನಿಮ್ಮ ಇಷ್ಟ, ರೈಲ್ವೆಗೆ ಅದು ಬೇಕಿರಲಿಲ್ಲ ಎಂದಿತು. 'ಮನೆ'ಯ ಅರ್ಥವನ್ನು ಮಾತ್ರ ಆಗಲೂ ಬಿಡಿಸಲಿಲ್ಲ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ನಮ್ಮ ನೆರೆಯ ಮೊಕದ್ದಮೆಯ ಮೇಲೆ. ರ‍್ಯಾಲೆಯಿಂದ ಹೈವೇ 70 ಹಿಡಿದು ಸಮುದ್ರದ ಕಡೆ ಹೋದವರಿಗೆ ಕಿನ್‌ಸ್ಟನ್ ಗೊತ್ತಿರುತ್ತದೆ. 1950ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಕಾಮಗಾರಿಗೆ ಮೂವರು ಕಟ್ಟಡ ಕಾರ್ಮಿಕರು ಹೋದರು, ಪ್ಯೂರಿಫಾಯ್ ಅವರಲ್ಲೊಬ್ಬರು. ಮೂವರ ಕಾಯಂ ಮನೆಯೂ ನಾರ್ತ್ ಕ್ಯಾರೊಲಿನಾದ ಬೇರೆ ಊರುಗಳಲ್ಲೇ. ಒಬ್ಬರು ಇಪ್ಪತ್ತೂವರೆ ತಿಂಗಳು, ಇನ್ನೊಬ್ಬರು ಹನ್ನೆರಡೂವರೆ, ಮತ್ತೊಬ್ಬರು ಎಂಟೂವರೆ ತಿಂಗಳು ದುಡಿದರು. ಊಟ ವಸತಿಯ ಖರ್ಚನ್ನು 1953ರ ತೆರಿಗೆಯಲ್ಲಿ ಕಳೆದರು. ತೆರಿಗೆ ನ್ಯಾಯಾಲಯ ಸರಿ ಎಂದಿತು, ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು, 1958ರಲ್ಲಿ ಸುಪ್ರೀಂ ಕೋರ್ಟು ಚಿಕ್ಕದೊಂದು ತೀರ್ಪಿನಲ್ಲಿ ಮೇಲ್ಮನವಿಯವರದೇ ಸರಿ ಎಂದು ಮುಗಿಸಿತು. ಕೆಲಸ 'ತಾತ್ಕಾಲಿಕ'ವೋ 'ಅನಿರ್ದಿಷ್ಟ'ವೋ ಎಂಬುದೇ ಪ್ರಶ್ನೆ. ಅನಿರ್ದಿಷ್ಟವಾದರೆ ಕಿನ್‌ಸ್ಟನ್ನೇ ನಿಮ್ಮ ಮನೆ. ನ್ಯಾಯಮೂರ್ತಿ ಡಗ್ಲಸ್ ಮತ್ತು ಇನ್ನಿಬ್ಬರು ಒಪ್ಪಲಿಲ್ಲ. ಕೆಲಸ ಸಿಕ್ಕಿದ ಕಡೆಗೆಲ್ಲ ಸಂಸಾರ ಹೊತ್ತುಕೊಂಡು ಹೋಗಲು ಕಟ್ಟಡ ಕೆಲಸದವರಿಗೆ ಆದೀತೇ ಎಂಬುದು ಅವರ ಕಡೆಯ ವಾದದ ತಿರುಳು. ಗಾರೆ, ಇಟ್ಟಿಗೆ ತೆಗೆದು ಆ ಜಾಗದಲ್ಲಿ ಲ್ಯಾಪ್‌ಟಾಪ್ ಇಡಿ, ನಮ್ಮ ಕಥೆಯೇ ಅಲ್ಲವೇ?

ಆಮೇಲೆ ದಶಕಗಳ ಕಾಲ 'ತಾತ್ಕಾಲಿಕ' ಅಂದರೆ ಎಷ್ಟು ದಿನ ಎಂಬ ವಾದ ನಡೆಯಿತು. 1992ರಲ್ಲಿ, ಇಂಧನ ನೀತಿಯ ಕಾಯಿದೆಯೊಂದರ ಒಳಗೆ (ಕಾನೂನು ಮಾಡುವವರು ಯಾವುದನ್ನು ಯಾವುದರೊಳಗೆ ತುರುಕುತ್ತಾರೋ!) ಕಾಂಗ್ರೆಸ್ ಗೆರೆ ಎಳೆಯಿತು: ಒಂದು ವರ್ಷಕ್ಕಿಂತ ಹೆಚ್ಚಾದರೆ ತಾತ್ಕಾಲಿಕ ಅಲ್ಲ. 1993ರಲ್ಲಿ ತೆರಿಗೆ ಇಲಾಖೆ ಅದನ್ನು ಬಿಡಿಸಿ ಹೇಳಿತು. ಆರು ತಿಂಗಳೆಂದು ಹೋಗಿದ್ದೀರಿ. ಐದನೆಯ ತಿಂಗಳಲ್ಲಿ ಇನ್ನೊಂದು ವರ್ಷ ಇರಬೇಕು ಎಂದು ಗೊತ್ತಾದರೆ, ಹಾಗೆ ಗೊತ್ತಾದ ದಿನದಿಂದಲೇ ಭತ್ಯೆ ತೆರಿಗೆಗೆ ಬೀಳುತ್ತದೆ. ವರ್ಷ ತುಂಬುವ ತನಕ ಕಾಯುವ ಹಾಗಿಲ್ಲ.

ಇದೇ ನಮ್ಮನ್ನು ಕಚ್ಚಿದ್ದು. ನಮ್ಮ ಮನೆ ಆಲ್ಫರೆಟಾದಲ್ಲಿ, ನಮ್ಮವರ ಪ್ರಾಜೆಕ್ಟು ಶಾರ್ಲೆಟ್‌ನಲ್ಲಿ. ಸೋಮವಾರ ನಸುಕಿಗೆ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ ಹಾಕಿಕೊಟ್ಟರೆ ಐ-85 ಹಿಡಿದು ಹೊರಡುತ್ತಿದ್ದರು, ಶುಕ್ರವಾರ ರಾತ್ರಿ ಬರುತ್ತಿದ್ದರು. ಮೊದಲು ಆರು ತಿಂಗಳು, ಆಮೇಲೆ ಒಂದು ವರ್ಷದ ವಿಸ್ತರಣೆ. ಅವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಕನ್ಸಲ್ಟಿಂಗ್ ಕಂಪನಿ ಕೊನೆಯ ತನಕ ತೆರಿಗೆಯಿಲ್ಲದ ಪರ್ ಡೀಮ್ ಕೊಡುತ್ತಾ ಹೋಯಿತು. ಎರಡು ವರ್ಷದ ಮೇಲೆ ಅವರ ಲೆಕ್ಕ ತಪಾಸಣೆಯಾಗಿ, ನಮಗೆ ತಿದ್ದಿದ ಡಬ್ಲ್ಯು-2 ಬಂತು. ನಾವು ಹಳೆಯ ರಿಟರ್ನ್ ತಿದ್ದಿ ಬಾಕಿ ತೆರಿಗೆ, ಬಡ್ಡಿ ಎರಡೂ ಕಟ್ಟಿದೆವು. ಹೋಟೆಲಿಗೆ ಎಂದೋ ಕೊಟ್ಟು ಮುಗಿಸಿದ ದುಡ್ಡಿನ ಮೇಲೆ ತೆರಿಗೆ! ಶಾರ್ಲೆಟ್‌ಗೇ ಹೋಗಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಾಜೆಕ್ಟಿನ ಆಯುಸ್ಸು ಆರಾರು ತಿಂಗಳಿರುವಾಗ ಮಗಳ ಶಾಲೆ ಬಿಡಿಸಲು ಧೈರ್ಯ ಬರಲಿಲ್ಲ.

ಇನ್ನೊಂದು ಪೆಟ್ಟು ತಡವಾಗಿ ತಿಳಿಯಿತು. ಸಂಬಳ ಕಡಿಮೆ ತೋರಿಸಿ ಪರ್ ಡೀಮ್ ಹೆಚ್ಚು ಕೊಟ್ಟರೆ ಕೈಗೆ ಬರುವ ದುಡ್ಡು ಹೆಚ್ಚು, ಸರಿ. ಆದರೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಡಬ್ಲ್ಯು-2ರ ಮೊತ್ತವನ್ನೇ ಹಿಡಿದರು. ಸೋಷಿಯಲ್ ಸೆಕ್ಯುರಿಟಿಯ ಲೆಕ್ಕಕ್ಕೂ ಅದೇ. ಸಂಬಳವನ್ನೇ ಒಡೆದು ಅರ್ಧಕ್ಕೆ 'ಭತ್ಯೆ' ಎಂದು ಹೆಸರಿಡುವಂತಿಲ್ಲ ಎಂದು ಇಲಾಖೆ 2012ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ನಡುವೆ ಕಂಪನಿ ಯಾಕೆ ಬೇಕು ಎಂಬುದಕ್ಕೂ ಇತಿಹಾಸವಿದೆ. ಸ್ವತಂತ್ರ ಗುತ್ತಿಗೆದಾರರೆಂದು ನಂಬಿ ಕೆಲಸ ಕೊಟ್ಟ ಸಂಸ್ಥೆಗಳಿಗೆ 1978ರ ಕಾಯಿದೆ ಒಂದು ರಕ್ಷಣೆ ಕೊಟ್ಟಿತ್ತು. 1986ರ ತೆರಿಗೆ ಸುಧಾರಣೆಯ 1706ನೆಯ ಕಲಮು, ನ್ಯೂಯಾರ್ಕಿನ ಸೆನೆಟರ್ ಮೊಯ್ನಿಹನ್ ತಂದದ್ದು, ಮಧ್ಯವರ್ತಿಯ ಮೂಲಕ ದುಡಿಯುವ ಎಂಜಿನಿಯರು, ಪ್ರೋಗ್ರಾಮರು, ಸಿಸ್ಟಮ್ಸ್ ಅನಲಿಸ್ಟುಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಆಮೇಲೆ ಇಂಥವರನ್ನು ಕಂಪನಿಯೊಂದರ ನೌಕರರನ್ನಾಗಿ ಮಾಡಿಕೊಳ್ಳುವುದೇ ಕ್ಷೇಮವೆನಿಸಿತು. 1990ರ ವಲಸೆ ಕಾಯಿದೆಯಿಂದ ಬಂದ ಎಚ್-1ಬಿಯವರಂತೂ ನೌಕರರಾಗಿಯೇ ಇರಬೇಕು.

ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡಿಗರಿಗೆ ಇದೇ ಏರ್ಪಾಡು 'ಅಂಬ್ರೆಲಾ ಕಂಪನಿ' ಎಂದು ಪರಿಚಿತ. ಅಲ್ಲಿ 2016ರ ಏಪ್ರಿಲ್ 6ರಿಂದ, ಕಕ್ಷಿದಾರರ ಮೇಲ್ವಿಚಾರಣೆ, ನಿಯಂತ್ರಣದಲ್ಲಿ ದುಡಿಯುವ ಅಂಬ್ರೆಲಾ ನೌಕರರಿಗೆ ಮನೆಯಿಂದ ಕೆಲಸದ ಜಾಗಕ್ಕೆ ಹೋಗಿಬರುವ ಖರ್ಚಿನ ರಿಯಾಯಿತಿ ನಿಂತಿತು. ಇಲ್ಲಿ ಬಾಗಿಲು ಇನ್ನೊಂದು ರೀತಿಯಲ್ಲಿ ಮುಚ್ಚಿತು. ನೌಕರರು ತಮ್ಮ ಕೈಯಿಂದ ಹಾಕಿದ ಖರ್ಚಿನಲ್ಲಿ ಆದಾಯದ ಶೇ. 2ನ್ನು ಮೀರಿದ್ದನ್ನು ಮಾತ್ರ ಕಳೆಯಬಹುದು ಎಂದು 1986ರಲ್ಲಿ ಆಗಿತ್ತು. 2018ರಿಂದ ಅದೂ ಹೋಯಿತು, 2025ರ ಕಾಯಿದೆ ಅದನ್ನು ಕಾಯಂ ಮಾಡಿತು. ಹಾಗಾಗಿ ಕಂಪನಿ ನಿಯಮಬದ್ಧವಾಗಿ ಮರುಪಾವತಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ದರಗಳನ್ನು ಪ್ರಕಟಿಸುವುದು ವಾಷಿಂಗ್ಟನ್ನಿನ ಜಿಎಸ್‌ಎ. 2025ರ ಆರ್ಥಿಕ ವರ್ಷಕ್ಕೆ ಊಟ ಮತ್ತು ಚಿಲ್ಲರೆ ಖರ್ಚಿಗೆ ಊರನ್ನು ನೋಡಿ ದಿನಕ್ಕೆ 68ರಿಂದ 92 ಡಾಲರ್.

ವಾಷಿಂಗ್ಟನ್ ಎಂದಾಗ ಒಂದು ತಮಾಷೆ ಹೇಳಲೇಬೇಕು. ಕಾಂಗ್ರೆಸ್ ಸದಸ್ಯರು ದುಡಿಯುವ ಊರು ವಾಷಿಂಗ್ಟನ್. ಪ್ಯೂರಿಫಾಯ್‌ಗೆ ಹಚ್ಚಿದ ಲೆಕ್ಕದಲ್ಲಿ ಅದೇ ಅವರ ಮನೆಯಾಗಬೇಕು. ಆದರೆ 1952ರಲ್ಲೇ ಅವರು, ಸದಸ್ಯರ ಮನೆ ಅವರವರ ರಾಜ್ಯದಲ್ಲೇ ಎಂದು ಬರೆದುಕೊಂಡು, ವರ್ಷಕ್ಕೆ 3,000 ಡಾಲರ್ ತನಕ ಕಳೆಯಲು ಅವಕಾಶ ಮಾಡಿಕೊಂಡರು. 2017ರ ಕಾಯಿದೆಯಲ್ಲಿ ಅದನ್ನು ಅವರೇ ತೆಗೆದುಹಾಕಿದರು ಅನ್ನಿ.

ಎಲ್ಲಕ್ಕಿಂತ ಕಷ್ಟ ಹೊಸದಾಗಿ ಬಂದ ಹುಡುಗರದು. ಕಂಪನಿಯ ಗೆಸ್ಟ್ ಹೌಸಿನಲ್ಲಿ ನಾಲ್ಕು ಜನ, ಇಂದು ರೆಸ್ಟನ್, ನಾಳೆ ಗ್ರೀನ್‌ವಿಲ್. ಇಲ್ಲಿ ಬಾಡಿಗೆ ಕಟ್ಟುವ ಒಂದು ಮನೆಯೂ ಇಲ್ಲ, ಕಾಯಂ ಕೆಲಸದ ಊರೂ ಇಲ್ಲ. ಅಂಥವರಿಗೆ ಟ್ಯಾಕ್ಸ್ ಹೋಮ್ ಇಲ್ಲವೆಂದೇ ಲೆಕ್ಕ. ಮನೆಯಿಲ್ಲದವರು ಮನೆಯಿಂದ ದೂರ ಇರುವುದು ಹೇಗೆ? ಯುಗಾದಿ ಊಟಕ್ಕೆ ಬಂದಿದ್ದ ಹುಡುಗನೊಬ್ಬ, "ದಾವಣಗೆರೆಯಲ್ಲಿ ಸ್ವಂತ ಮನೆ ಇದೆಯಲ್ಲ ಅಕ್ಕಾ" ಎಂದ. ಅದು ಅವನ ಅಮ್ಮನ ಮನೆ. ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ, ಮತ್ತೇನು ಹೇಳಲಿ?

ಹೋಗುವಾಗ ಅವನ ಕೈಗೆ ಒಂದು ರಟ್ಟಿನ ಫೈಲು ಕೊಟ್ಟೆ. ಪ್ರಾಜೆಕ್ಟು ಮುಂದುವರಿಯುತ್ತದೆ ಎಂಬ ಮೇಲ್ ಬಂದ ದಿನವೇ ಅದನ್ನು ಪ್ರಿಂಟ್ ತೆಗೆದು ಇದರೊಳಗೆ ಇಡು, ಅವತ್ತೇ ಕಂಪನಿಯವರಿಗೆ ಬರೆದು ಕೇಳು ಎಂದೆ. ನಮ್ಮವರ ಆ ಮೇಲ್ ಹುಡುಕಲು ನಮಗೆ ಮೂರು ವಾರಾಂತ್ಯ ಹಿಡಿದಿತ್ತು.