ಯೌವನದ ಒಂದು ಒರಟು ರಿಕಾರ್ಡು

ಯೌವನದಲ್ಲಿ ಮೆಚ್ಚಿದ ಹಾಡು ಮುಪ್ಪಿನಲ್ಲಿಯೂ ಮನಸ್ಸನ್ನು ಬಿಡದೆಂಬುದು ಎಲ್ಲರ ಅನುಭವ. ಆದರೆ ಹಿರಿಯರನ್ನು ಹೀಗಳೆಯುವುದಕ್ಕೆಂದೇ ಹುಟ್ಟಿದ ಹಾಡನ್ನು ತಾವೇ ಹಿರಿಯರಾದ ಮೇಲೆಯೂ ಪ್ರೀತಿಸುವವರುಂಟೆಂಬುದು ವಿಚಾರಾರ್ಹವಾದ ಸಂಗತಿ. ಇಂಗ್ಲೆಂಡಿನಲ್ಲಿ 1977ನೆಯ ಇಸವಿಯ ಅಕ್ಟೋಬರಿನಲ್ಲಿ ಹೊರಬಿದ್ದ ‘ನೆವರ್ ಮೈಂಡ್ ದಿ ಬಾಲಕ್ಸ್’ ಎಂಬ ರಿಕಾರ್ಡು ಇದಕ್ಕೆ ನಿದರ್ಶನವಾಗಿದೆ.

ಅದನ್ನು ಹಾಡಿದವರು ‘ಸೆಕ್ಸ್ ಪಿಸ್ಟಲ್ಸ್’ ಎಂಬ ತರುಣರ ಮೇಳದವರು. ಅವರ ಸಂಗೀತಕ್ಕೆ ಪಂಕ್ ಎಂದು ಹೆಸರು. ಮಾಧುರ್ಯವನ್ನಾಗಲಿ ವಿನಯವನ್ನಾಗಲಿ ಬಯಸದೆ, ನಿರುದ್ಯೋಗದಿಂದ ಬೇಸತ್ತ ಯುವಕರ ಸಿಟ್ಟನ್ನು ಕೂಗಿ ಹೇಳುವುದೇ ಅದರ ಗುಣ. ಆ ವರ್ಷದ ಜನವರಿಯಲ್ಲಿ ಇ.ಎಂ.ಐ. ಕಂಪೆನಿಯವರು ಮೇಳವನ್ನು ಕೈಬಿಟ್ಟರು. ಮಾರ್ಚಿಯಲ್ಲಿ ಎ ಅಂಡ್ ಎಂ ಕಂಪೆನಿಯವರು ಒಪ್ಪಂದ ಮಾಡಿಕೊಂಡು, ಕೆಲವೇ ದಿನಗಳಲ್ಲಿ ಅದನ್ನು ಮುರಿದು, ಸಿದ್ಧವಾಗಿದ್ದ ರಿಕಾರ್ಡುಗಳನ್ನು ನಾಶಪಡಿಸಿದರು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು 25 ವರ್ಷ ತುಂಬಿದ ಉತ್ಸವದ ಕಾಲಕ್ಕೆ, ರಾಷ್ಟ್ರಗೀತೆಯ ಹೆಸರನ್ನೇ ಇಟ್ಟು ಅರಸೊತ್ತಿಗೆಯನ್ನು ಅಣಕಿಸಿದ ಇವರ ಹಾಡನ್ನು ಪ್ರಸಾರಮಾಡಲು ಬಿ.ಬಿ.ಸಿ. ಒಪ್ಪಲಿಲ್ಲ. ಆದರೂ ಮಾರಾಟದ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೇರಿತು.

ಬಳಿಕ ಬಂದ ಈ ದೊಡ್ಡ ರಿಕಾರ್ಡಿನ ಹೆಸರೇ ವ್ಯಾಜ್ಯಕ್ಕೆ ಕಾರಣವಾಯಿತು. ‘ಬಾಲಕ್ಸ್’ ಎಂದರೆ ಗ್ರಾಮ್ಯದಲ್ಲಿ ವೃಷಣ. ವಾಡಿಕೆಯಲ್ಲಿ ‘ಹುರುಳಿಲ್ಲದ ಮಾತು’ ಎಂಬ ಅರ್ಥವೂ ಉಂಟು. ನಾಟಿಂಗ್‌ಹ್ಯಾಮ್ ಪಟ್ಟಣದ ಅಂಗಡಿಯೊಂದರ ಕಿಟಕಿಯಲ್ಲಿ ಅದನ್ನು ಪ್ರದರ್ಶಿಸಿದ್ದಕ್ಕಾಗಿ, 1889ರ ಅಸಭ್ಯ ಜಾಹೀರಾತುಗಳ ಕಾನೂನಿನಂತೆ ವ್ಯವಸ್ಥಾಪಕನ ಮೇಲೆ ಮೊಕದ್ದಮೆ ಹೂಡಲಾಯಿತು. ಆಗ ಪ್ರತಿವಾದಿಯ ಪರವಾಗಿ ಸಾಕ್ಷಿ ನುಡಿದವರು ಬರ್ನ್ಸ್ ಕವಿಯ ಕೃತಿಗಳನ್ನು ಸಂಪಾದಿಸಿದ್ದ ಪ್ರಾಧ್ಯಾಪಕ, ಸ್ವತಃ ಪಾದ್ರಿಯೂ ಆಗಿದ್ದ ಜೇಮ್ಸ್ ಕಿನ್ಸ್‌ಲಿಯವರು! ಆ ಶಬ್ದವು ಬಹು ಪ್ರಾಚೀನವಾದುದೆಂದೂ ಹಳೆಯ ಬೈಬಲ್ ಭಾಷಾಂತರಗಳಲ್ಲಿ ಬಂದಿರುವುದೆಂದೂ ಅವರು ವಿವರಿಸಿದರು. ನವೆಂಬರ್ 24ರಂದು ನ್ಯಾಯಾಧೀಶರು ಮನಸ್ಸಿಲ್ಲದ ಮನಸ್ಸಿನಿಂದಲೇ ಆರೋಪಿಯನ್ನು ಬಿಡುಗಡೆ ಮಾಡಿದರು. ಹಳೆಯದೆಲ್ಲವನ್ನೂ ಧಿಕ್ಕರಿಸಿದ ತರುಣರನ್ನು ಕಾಪಾಡಿದುದು ಹಳೆಯ ನುಡಿಯ ಪಾಂಡಿತ್ಯವೇ.

1978ರ ಜನವರಿಯಲ್ಲಿ ಮೇಳವು ಒಡೆಯಿತು. ನಾಶವಾಗದೆ ಉಳಿದ ಎ ಅಂಡ್ ಎಂ ಪ್ರತಿಗಳಿಗೆ ಸಂಗ್ರಾಹಕರು ಸಾವಿರಾರು ಪೌಂಡು ತೆತ್ತಿದ್ದಾರೆ. ರಾಣಿಯನ್ನು ಅಣಕಿಸಿ ಹಾಡಿದ ಜಾನ್ ಲೈಡನ್ನನೇ 2022ರಲ್ಲಿ ಆಕೆ ತೀರಿಕೊಂಡಾಗ ಶ್ರದ್ಧಾಂಜಲಿ ಸಲ್ಲಿಸಿದನು. ಇದನ್ನು ಕಂಡು, ಆಗಿನ ಸಿಟ್ಟು ಬರಿಯ ವೇಷವೆಂದು ಕೆಲವರು ನಗಬಹುದು. ಹಾಗೆನ್ನುವುದು ಸರಿಯಲ್ಲ. ವಯಸ್ಸಿನೊಡನೆ ಸಿಟ್ಟು ಆರಬಹುದು. ಅದರ ಕಾರಣ ಸುಳ್ಳಾಗದು. ತಮಗೂ ಮಾತಿನ ಅಧಿಕಾರವುಂಟೆಂದು ಮೊದಲು ತಿಳಿಸಿದ ಧ್ವನಿಯೆಂದೇ ಅಂದಿನ ಶ್ರೋತೃಗಳು ಆ ರಿಕಾರ್ಡನ್ನು ಜೋಪಾನಮಾಡಿರುವರು. ಆದರೆ ಅದನ್ನು ಪೆಟ್ಟಿಗೆಯಲ್ಲಿ ಆಸ್ತಿಯಂತೆ ಕಾಯ್ದು, ಇಂದಿನ ಮಕ್ಕಳ ಒರಟು ಹಾಡಿಗೆ ಕಿವಿ ಮುಚ್ಚಿಕೊಳ್ಳುವವರು ಅದನ್ನು ನಿಜವಾಗಿ ಪ್ರೀತಿಸಿದವರಲ್ಲ. ಕಿನ್ಸ್‌ಲಿಯವರಂತೆ ಮೊದಲು ಕೇಳಿ, ಆಮೇಲೆ ತೀರ್ಪು ಹೇಳುವುದು ಹಿರಿಯರಿಗೆ ಭೂಷಣ.