ದಡ ಸೇರಿದ ದೋಣಿಗೆ ಬೆಂಕಿಯ ಭಯ

ಪತ್ತನಾಜೆ ಬಂತೆಂದರೆ ತುಳುನಾಡಿನಲ್ಲಿ ತಿರುಗಾಟದ ಕಾಲ ಮುಗಿಯಿತೆಂದು ಲೆಕ್ಕ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ವೇಷಭೂಷಣಗಳು ಪೆಟ್ಟಿಗೆ ಸೇರುತ್ತವೆ. ಅದಾಗಿ ಒಂದು ವಾರದಲ್ಲಿ ಕಡಲಿನ ತಿರುಗಾಟವೂ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಂಗಳೂರಿನ ಬೋಳಾರ, ಹೊಯ್ಗೆಬಜಾರ್, ಬಂದರು, ಕಸಬಾ ಬೆಂಗ್ರೆಗಳ ನೀರಂಚಿನಲ್ಲಿ ದೋಣಿಗಳು ಒಂದರ ಮಗ್ಗುಲಿಗೆ ಒಂದು ತಂಗುವ ಕಾಲವಿದು.

ಕಡಲಿಗಿಳಿದ ದೋಣಿಗೆ ಅಪಾಯ, ದಡ ಸೇರಿದ್ದು ಕ್ಷೇಮ ಎಂಬುದು ಹಳೆಯ ನಂಬಿಕೆ. ಬಿರುಗಾಳಿಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಬೆಂಕಿಯ ವಿಚಾರದಲ್ಲಿ ಇತಿಹಾಸ ಬೇರೆಯೇ ಮಾತನ್ನು ಹೇಳುತ್ತದೆ.

ಹಂಚಿನ ಸರಕು, ಮಡಲಿನ ಮಾಡು

ಬೋಳಾರದ ನೆರೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ಜೇಡಿಮಣ್ಣು, ಒಳನಾಡಿನ ಸೌದೆ, ಸಾಗಾಟಕ್ಕೆ ನದಿ ಇವೆಲ್ಲ ಒಂದೆಡೆ ಸಿಕ್ಕಿದ್ದರಿಂದ ಬೋಳಾರದ ದಡದಲ್ಲಿಯೂ ಹಂಚಿನ ಕಾರ್ಖಾನೆಗಳ ಚಿಮಣಿಗಳು ಎದ್ದವು. ಮಂಗಳೂರು ಹಂಚಿನ ಜನಪ್ರಿಯತೆಗೆ ಮಳೆಯೊಂದೇ ಕಾರಣವಲ್ಲ. ಮುಳಿಹುಲ್ಲಿನ ಅಥವಾ ತೆಂಗಿನ ಮಡಲಿನ ಮಾಡಿಗೆ ಒಂದು ಕಿಡಿ ಹಾರಿದರೆ ಕೇರಿಗೆ ಕೇರಿಯೇ ಉರಿಯುವ ಭಯವಿತ್ತು. ಒಮ್ಮೆ ಗೂಡಿನಲ್ಲಿ ಬೆಂದು ಬಂದ ಹಂಚು ಮತ್ತೆ ಉರಿಯುವುದಿಲ್ಲ.

ಈ ಹಂಚುಗಳನ್ನು ಹೊತ್ತು ಪಶ್ಚಿಮ ಕರಾವಳಿಯ ಬಂದರುಗಳಿಗೆ ಸಾಗುತ್ತಿದ್ದವು ಹಾಯಿಕಟ್ಟಿದ ಮಂಜಿಗಳು. ಮಳೆಗಾಲದಲ್ಲಿ ಅವುಗಳನ್ನು ದಡಕ್ಕೆಳೆದು, ಬಿಸಿಲು ಮಳೆಗೆ ಮರ ಸೀಳದಂತೆ ಮಡಲಿನ ಮಾಡು ಹೊದಿಸುವುದು ರೂಢಿ. ಊರಿಗೆಲ್ಲ ಬೆಂಕಿ ತಾಗದ ಮಾಡನ್ನು ಮುಟ್ಟಿಸಿದ ಮಂಜಿ, ತಾನು ಮಾತ್ರ ಬೇಗನೆ ಬೆಂಕಿ ಹಿಡಿಯುವ ಮಾಡಿನ ಕೆಳಗೆ ಮಲಗುತ್ತಿತ್ತು! ಮೈಗೆ ಬಳಿದ ಮೀನೆಣ್ಣೆಯೂ ಸಾಮಾನ್ಯದ್ದಲ್ಲ. ಈ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಗಾಳಿಯೊಡನೆ ವರ್ತಿಸಿ ಒಳಗೊಳಗೇ ಕಾದು, ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು.

ಇಂಥ ಭಯ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಭಾಗದಲ್ಲಿ ಬೆಂಕಿಯ ಕಟ್ಟುಪಾಡುಗಳಿವೆ. ಬೇಸಗೆಯ ನಡುಹಗಲಿನಲ್ಲಿ ಒಲೆ ಉರಿಸಬಾರದು. ಮನೆಯಲ್ಲಿ ನೀರಿನ ಕೊಡ, ಏಣಿ, ಕೊಡಲಿ, ಕೊಕ್ಕೆಗಳನ್ನು ಸಿದ್ಧವಿಡಬೇಕು. ಹುಲ್ಲಿನ ಹೊದಿಕೆಯನ್ನು ತೆಗೆಸಬೇಕು. ಬೆಂಕಿಯಿಂದ ಬದುಕುವ ಕಸುಬಿನವರು ಒಂದೆಡೆ ನೆಲೆಸಬೇಕು. ಕಿಡಿಗೂ ಉರಿಯುವ ವಸ್ತುವಿಗೂ ನಡುವೆ ಅಂತರ ಇರಿಸುವುದೇ ಈ ನಿಯಮಗಳ ತಿರುಳು.

ವಿಮೆ ಕಂಡ ಬೆಂಕಿ

ನಷ್ಟವನ್ನು ಹಲವರ ನಡುವೆ ಹಂಚಿಕೊಳ್ಳುವ ವಿಮೆಯ ಪದ್ಧತಿ ಮೊದಲು ಬೆಳೆದದ್ದು ಕಡಲ ವ್ಯಾಪಾರದಲ್ಲಿ. ಕಟ್ಟಡಗಳ ಅಗ್ನಿವಿಮೆ ಬಲಗೊಂಡದ್ದು 1666ರ ಲಂಡನ್ ಮಹಾಬೆಂಕಿಯ ನಂತರ. ಭಾರತದಲ್ಲಿ ಸಾಮಾನ್ಯ ವಿಮೆಯ ಮೊದಲ ಕಂಪನಿಯೆನಿಸಿದ ಟ್ರೈಟನ್ 1850ರಲ್ಲಿ ಕಲ್ಕತ್ತದಲ್ಲಿ ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ ಬಂದ 1963ರ ನೌಕಾ ವಿಮೆ ಕಾಯಿದೆ ಬ್ರಿಟನ್ನಿನ 1906ರ ಕಾಯಿದೆಯ ಜಾಡಿನಲ್ಲಿಯೇ ಸಾಗಿ, ಕಡಲಿನ ಅಪಾಯಗಳ ಪಟ್ಟಿಯಲ್ಲಿ ಬೆಂಕಿಯನ್ನೂ ಹೆಸರಿಸಿತು. 1973ರ ಜನವರಿ 1ರಂದು ರಾಷ್ಟ್ರೀಕರಣ ಜಾರಿಗೆ ಬಂದಾಗ 107 ವಿಮಾ ಸಂಸ್ಥೆಗಳು ನಾಲ್ಕು ಕಂಪನಿಗಳಾಗಿ ಒಗ್ಗೂಡಿದವು.

ನೌಕಾ ವಿಮೆಯಲ್ಲಿ ಒಂದು ಹಳೆಯ ಸಂಪ್ರದಾಯವುಂಟು. ಹಡಗು ಓಡಾಟವಿಲ್ಲದೆ ಬಂದರಿನಲ್ಲಿ ತಂಗಿದ ಅವಧಿಗೆ ಕಂತಿನ ಒಂದಂಶವನ್ನು ಮಾಲೀಕನಿಗೆ ಮರಳಿಸುವುದು. ವಿಶ್ರಾಂತಿಯಲ್ಲಿ ಅಪಾಯ ಕಡಿಮೆ ಎಂಬ ತರ್ಕವೇ ಇದರ ಬುಡ. ಮುಳುಗುವ, ಬಂಡೆಗೆ ಬಡಿಯುವ ಅಪಾಯ ಕಡಿಮೆಯಾಗುವುದು ಸರಿ. ಆದರೆ ಕಡಲಿನಲ್ಲಿ ಹೊತ್ತಿದ ದೋಣಿ ಒಂಟಿ. ದಡದಲ್ಲಿ ಹೊತ್ತಿದ ದೋಣಿಗೆ ನೆರೆಹೊರೆಯಿದೆ.

ಇದಕ್ಕೆ ಘೋರ ನಿದರ್ಶನ ಮುಂಬಯಿಯದು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಹಡಗಿನ ಹತ್ತಿ ಮೂಟೆಗಳಿಗೆ ಬೆಂಕಿ ಹತ್ತಿತು. ಅದೇ ಹಡಗಿನಲ್ಲಿ ಸ್ಫೋಟಕಗಳೂ ಇದ್ದವು. ಅಂದು ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಅವರಲ್ಲಿ ಸೇರಿದ್ದರು. ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗಾಗಿ. ಆ ಹಡಗು ಸಾವಿರಾರು ಮೈಲಿಯ ಕಡಲ ಪಯಣವನ್ನು ದಾಟಿ ಬಂದಿತ್ತು. ಹೊತ್ತಿದ್ದು ಬಂದರು ಸೇರಿದ ಮೇಲೆ.

ದೋಣಿಯೇ ಮನೆಯಾದಾಗ

ಹಾಯಿಯ ಜಾಗಕ್ಕೆ ಇಂಜಿನ್ ಬಂದದ್ದು ಅಪಾಯದ ಸ್ವರೂಪವನ್ನೇ ಬದಲಿಸಿತು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದು ರಂಪಣಿಯ ಕಾಲ ಹಿಂದೆ ಸರಿಯಿತು. ಟ್ರಾಲ್ ದೋಣಿಗಳು ಹಲವು ದಿನ ಕಡಲಿನಲ್ಲಿಯೇ ಉಳಿಯತೊಡಗಿದಂತೆ ದೋಣಿ ಚಲಿಸುವ ಮನೆಯಾಯಿತು. ಅಡುಗೆಗೆ ಗ್ಯಾಸ್ ಸಿಲಿಂಡರ್, ಮಲಗಲು ಜಾಗ, ಬ್ಯಾಟರಿ, ವಯರಿಂಗ್, ಡೀಸೆಲ್ ಟ್ಯಾಂಕು, ಮೀನಿನ ಕೋಣೆಗೆ ಮಂಜುಗಡ್ಡೆ ಕರಗದಂತೆ ಫೋಮಿನ ಹೊದಿಕೆ, ಅದರ ಮೇಲೆ ನೈಲಾನ್ ಬಲೆಯ ರಾಶಿ. ಮರದ ಮೈಗೆ ಫೈಬರ್ ಗ್ಲಾಸಿನ ಕವಚ.

ಮಳೆಗಾಲದ ತಂಗುವಿಕೆ ಬರಿಯ ನಿದ್ದೆಯೂ ಅಲ್ಲ, ದುರಸ್ತಿಯ ಕಾಲ. ವೆಲ್ಡಿಂಗ್ ಕಿಡಿ, ಪೇಂಟಿನ ಆವಿ, ಫೈಬರ್ ಕೆಲಸದ ರಾಳ ಎಲ್ಲವೂ ಇಕ್ಕಟ್ಟಾದ ಒಂದೇ ಒಡಲಿನಲ್ಲಿ ಸೇರುತ್ತವೆ. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತದಿದ್ದರೂ ಹೊತ್ತಿದ ಮೇಲೆ ಸುಲಭವಾಗಿ ಆರದು. ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಮುಂದಿನ ದೋಣಿಗೆ ಹರಿಯುತ್ತದೆ. ಪಾಂಡೇಶ್ವರದ ಅಗ್ನಿಶಾಮಕ ಠಾಣೆ ಬೋಳಾರಕ್ಕೆ ದೂರವೇನಲ್ಲ. ಆದರೆ ಫೈರ್ ಇಂಜಿನ್ ನಿಲ್ಲುವುದು ರಸ್ತೆಯಲ್ಲಿ. ಸಾಲಿನ ಕೊನೆಯ ದೋಣಿ ಇರುವುದು ನದಿಯಲ್ಲಿ. ಕಟ್ಟಿದ ಹಗ್ಗ ಸುಟ್ಟುಹೋದರೆ ಉರಿಯುವ ದೋಣಿ ಗಾಳಿ ತಳ್ಳಿದೆಡೆಗೆ ಹೋಗುತ್ತದೆ.

2023ರ ನವೆಂಬರ್‌ನ ಒಂದೇ ವಾರ ಇದನ್ನು ಎರಡು ಬಾರಿ ತೋರಿಸಿತು. ದೀಪಾವಳಿಯ ದಿನಗಳಲ್ಲಿ, 13ರಂದು, ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಮೀನುಗಾರಿಕಾ ದೋಣಿಗಳು ಸುಟ್ಟು ಕರಕಲಾದವು. 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ 30ಕ್ಕೂ ಹೆಚ್ಚು ದೋಣಿಗಳು ಬೆಂಕಿಗೆ ಆಹುತಿಯಾದವು. ಆಂಧ್ರ ಸರ್ಕಾರ ದೋಣಿಗಳ ಮೌಲ್ಯದ ಶೇಕಡಾ 80ರಷ್ಟು ಪರಿಹಾರ ಘೋಷಿಸಿತು. ಸರ್ಕಾರದ ಪರಿಹಾರ ದೊಡ್ಡ ಮನಸ್ಸಿನ ಮಾತು. ವಿಮೆಯ ಹಣ ಹಕ್ಕಿನ ಮಾತು. ಸುಟ್ಟದ್ದು ಒಂದೇ ದೋಣಿಯಾದರೆ, ಅದು ಸುದ್ದಿಯಾಗದಿದ್ದರೆ, ಮಾಲೀಕನಿಗೆ ಉಳಿಯುವುದು ಆ ಹಕ್ಕೊಂದೇ.

ಕಾಗದದ ಮೇಲಿನ ಅಕ್ಷರ

ಆ ಹಕ್ಕೂ ಷರತ್ತಿಗೆ ಬದ್ಧ. 1963ರ ಕಾಯಿದೆಯ ಪ್ರಕಾರ ವಿಮಾಪತ್ರದಲ್ಲಿ ಕೊಟ್ಟ ವಾರಂಟಿಯನ್ನು ಅಕ್ಷರಶಃ ಪಾಲಿಸಬೇಕು, ಅದು ಮುಖ್ಯವೋ ಅಮುಖ್ಯವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಳೆಗಾಲದಲ್ಲಿ ದೋಣಿ ಇಂಥ ಕಡೆಯೇ ತಂಗಿರಬೇಕೆಂದು ಬರೆದಿದ್ದರೆ, ಬೇರೆಡೆ ಕಟ್ಟಿದ್ದು ತಕರಾರಿಗೆ ದಾರಿಯಾದೀತು. ಬೆಲೆಯ ಲೆಕ್ಕವೂ ಹೀಗೆಯೇ. ಒಂದು ಕೋಟಿ ಬಾಳುವ ದೋಣಿಯನ್ನು ಕಂತು ಉಳಿಸಲೆಂದು 50 ಲಕ್ಷಕ್ಕೆ ವಿಮೆ ಮಾಡಿಸಿದರೆ, ಉಳಿದರ್ಧಕ್ಕೆ ಮಾಲೀಕನೇ ವಿಮೆದಾರನೆಂದು ಬಗೆಯುವುದು ವಿಮೆಯ ಸಾಮಾನ್ಯ ತತ್ತ್ವ. ಆಗ 20 ಲಕ್ಷದ ಹಾನಿಗೆ ಕೈಗೆ ಬರುವುದು 10 ಲಕ್ಷ.

ಇನ್ನೊಂದು ಗೊಂದಲವೂ ಉಂಟು. ಮೀನುಗಾರರಿಗೆ ಸಿಗುವ ಐದು ಲಕ್ಷದ ಅಪಘಾತ ವಿಮೆ ಮನುಷ್ಯನ ಜೀವಕ್ಕೆ ಸಂಬಂಧಿಸಿದ್ದು. ದೋಣಿಗೆ ಬೇರೆ ವಿಮೆ ಬೇಕು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ದೋಣಿ ವಿಮೆಯ ಕಂತಿಗೂ ಸಹಾಯಧನದ ಅವಕಾಶ ಸೇರಿದ್ದು ಈ ಕೊರತೆಯನ್ನು ಗುರುತಿಸಿಯೇ.

ದೋಣಿ ಕಟ್ಟುವ ಮುನ್ನ ಸಿಲಿಂಡರ್ ಇಳಿಸುವುದು, ಬ್ಯಾಟರಿಯ ತಂತಿ ಬಿಡಿಸುವುದು, ಎಣ್ಣೆ ಬಟ್ಟೆಯನ್ನು ಒಳಗೆ ಬಿಡದಿರುವುದು, ವೆಲ್ಡಿಂಗ್ ಮುಗಿದ ಮೇಲೂ ಅರ್ಧ ಗಂಟೆ ಒಬ್ಬ ಕಾಯುವುದು, ಸಾಲುಗಳ ನಡುವೆ ಜಾಗ ಬಿಡುವುದು. ಇವಕ್ಕೆ ಹೆಚ್ಚಿನ ಖರ್ಚಿಲ್ಲ. ಕೌಟಿಲ್ಯನ ಕೊಡ, ಏಣಿ, ಕೊಕ್ಕೆಗಳ ಪಟ್ಟಿಗೂ ಇದಕ್ಕೂ ಬಹಳ ವ್ಯತ್ಯಾಸವೂ ಇಲ್ಲ. ನೂಲ ಹುಣ್ಣಿಮೆಯಂದು ಮೊಗವೀರರು ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ ಕಡಲನ್ನು ಬೇಡಿಕೊಳ್ಳುತ್ತಾರೆ. ಆ ಪೂಜೆಯ ದಿನದವರೆಗೆ ದೋಣಿಯನ್ನು ಕಾಯಬೇಕಾದ ಹೊಣೆ ಮಾತ್ರ ದಡದವರದು.